ಸಂಪೂರ್ಣ ಅಸಿಂಧು

ಚೀಲ ನೇತುಹಾಕುವ ಕೊಕ್ಕೆಗಳು ಎಷ್ಟು ಕೆಳಗಿವೆ, ತನ್ನ ಸೊಂಟದ ಮಟ್ಟಕ್ಕೂ ಬರುವುದಿಲ್ಲ, ಇಲ್ಲಿ ಎಲ್ಲವೂ ಹಾಗೇ, ನೀರಿನ ನಲ್ಲಿ, ಕನ್ನಡಿ, ಬಾಗಿಲ ಚಿಲಕ, ಕೂತಿರುವ ಈ ಕುರ್ಚಿ ಕೂಡ, ಮಂಡಿ ಎದೆಗೆ ತಾಗುವಷ್ಟು ಗಿಡ್ಡ, ಮಡಿಲಲ್ಲಿಟ್ಟ ಫೈಲು ಜಾರುತ್ತದೆ, ಹಿಡಿದುಕೊಳ್ಳುತ್ತಾಳೆ, ಮತ್ತೆ ಜಾರುತ್ತದೆ, ಕಾನೂನು ಓದುವವರ ಗಾಂಭೀರ್ಯವನ್ನೆಲ್ಲ ಈ ಒಂದು ಕುರ್ಚಿ ಕಳೆದುಬಿಡುತ್ತದೆ — ಎದುರಿನ ಬಾಗಿಲು ಹೆಡ್‌ಮಿಸ್ಸಿನದು, ಒಳಗೆ ಬೇರೆ ಯಾರದೋ ಸಭೆ ಇನ್ನೂ ಮುಗಿದಿಲ್ಲ, ಹತ್ತೂವರೆಗೆ ಬನ್ನಿ ಅಂದಿದ್ದರು, ಈಗ ಹತ್ತೂ ಐವತ್ತು, ಗಡಿಯಾರ ಮಾತ್ರ ದೊಡ್ಡವರ ಎತ್ತರದಲ್ಲಿದೆ. ಪಕ್ಕದ ಕುರ್ಚಿಯಲ್ಲಿ ಬುಗುರಿಯ ಅಪ್ಪ, ಕುರ್ಚಿ ಅವನ ಅಡಿಯಲ್ಲಿ ಕಾಣುವುದೇ ಇಲ್ಲ, ಗಾಳಿಯಲ್ಲಿ ಕೂತಂತೆ ಕೂತಿದ್ದಾನೆ, ಬೆರಳ ಸಂದಿಯಲ್ಲಿ ಗ್ರೀಸು, ಕೆಲಸದ ನಡುವೆ ಒಂದು ಗಂಟೆ ಬಿಡುವು ಕೇಳಿಕೊಂಡು ಬಂದಿದ್ದಾನೆ, ಲಿಫ್ಟ್ ರಿಪೇರಿಯವನು, ಎಲ್ಲಿ ಹೋದರೂ ಮೊದಲು ಲಿಫ್ಟನ್ನೇ ಹುಡುಕುತ್ತಾನೆ, ಈ ಕಟ್ಟಡದಲ್ಲಿ ಲಿಫ್ಟೇ ಇಲ್ಲ ನೋಡಿದ್ರಾ ತಾಯಿ, ಅದಕ್ಕೇ ಇಲ್ಲಿ ಯಾರೂ ಮೇಲಕ್ಕೆ ಹೋಗಲ್ಲ, ಅಂದ, ತಾನೇ ನಕ್ಕ, ಅವಳೂ ನಗಬೇಕಿತ್ತು, ತುಟಿ ಎರಡೂ ಕಡೆ ಎಳೆದಳು ಅಷ್ಟೇ. ಇದು ಎರಡನೇ ಸಭೆ. ಮೊದಲನೆಯದು ನಡೆದು ಇವತ್ತಿಗೆ ಇಪ್ಪತ್ತೆರಡು ದಿನ. ಲೆಕ್ಕ ಇಡಬೇಕೆಂದು ಇಟ್ಟದ್ದಲ್ಲ, ಬೆಳಿಗ್ಗೆ ಹಲ್ಲುಜ್ಜುವಾಗ ಸಂಖ್ಯೆ ತಾನಾಗಿ ನಾಲಿಗೆಗೆ ಬರುತ್ತದೆ.

ಶನಿವಾರದ ಬೆಳಗ್ಗೆ, ಕಾಲೇಜಿನ ಲೈಬ್ರರಿ ಹಿಂದಿನ ಕೋಣೆ, ಹಳೆಯ ಬೆಂಚುಗಳು, ಬಾಗಿಲಿಗೆ ಅಂಟಿಸಿದ ಕಾಗದ, ಪಾಲಕರ ನೆರವು ಕೇಂದ್ರ — ವಿಶೇಷ ಪಾಠ ಬೇಕಾದ ಮಕ್ಕಳ ಅಪ್ಪ ಅಮ್ಮ ಶಾಲೆಯವರ ಜೊತೆ ಸಭೆಗೆ ಹೋಗಬೇಕಾದರೆ ಕಾಲೇಜಿನ ವಿದ್ಯಾರ್ಥಿಗಳು ಜೊತೆಗೆ ಹೋಗುತ್ತಾರೆ, ಕೋರ್ಟಿಗಲ್ಲ, ವಾದ ಮಾಡುವ ಹಕ್ಕು ಇನ್ನೂ ಬಂದಿಲ್ಲ, ಪಕ್ಕದಲ್ಲಿ ಕೂತು ಕಾಗದ ಓದಿ ಹೇಳುವುದು, ಕೇಳಬೇಕಾದ್ದನ್ನು ಕೇಳುವುದು, ಇಷ್ಟೇ. ಅವಳು ಸೇರಿದ್ದು ಯಾಕೆ, ದೊಡ್ಡ ಕಾರಣವೇನಿಲ್ಲ, ಪ್ರಮಾಣಪತ್ರ ಬೇಕಿತ್ತು, ಜೊತೆಯ ಹುಡುಗ ಸೇರಿದ್ದ, ಅವನನ್ನು ಎಲ್ಲರೂ ಉಪಕಲಂ ಅನ್ನುತ್ತಾರೆ, ಕಾಫಿ ಬೇಕಾ ಅಂದರೂ ಉಪಕಲಂ ಒಂದು, ಉಪಕಲಂ ಎರಡು ಎಂದು ಬಿಡಿಸಿ ಉತ್ತರ ಕೊಡುವವನು. ಬುಗುರಿಯ ಅಪ್ಪ ಬಂದದ್ದು ಅಂಥ ಒಂದು ಶನಿವಾರ, ಕಾಗದಗಳನ್ನೆಲ್ಲ ಬೇರಿಂಗಿನ ಖಾಲಿ ಡಬ್ಬದಲ್ಲಿ ತುಂಬಿಕೊಂಡು, ಜೊತೆಗೆ ಎಂಟು ವರ್ಷದ ಮಗಳು, ಎರಡೂ ಕಿವಿಗೆ ಮಷೀನು, ಒಳಗೆ ಬಂದವಳೇ ಕೋಣೆಯ ನಡುವೆ ನಿಂತು ಕೈ ಚಾಚಿ ಗರಗರ ಸುತ್ತಿದಳು, ಮೂರು ಸುತ್ತು, ನಿಂತಳು, ನಕ್ಕಳು. ಹೊಸ ಜಾಗ ಇಷ್ಟ ಆದ್ರೆ ಹಿಂಗೇ, ಅದಕ್ಕೇ ಬುಗುರಿ ಅಂತೀವಿ, ಅಂದ ಅಪ್ಪ. ಇಷ್ಟ ಆಗದಿದ್ರೆ? ಇಷ್ಟ ಆಗದಿದ್ರೆ ಬಾಗಿಲು ದಾಟಲ್ಲ, ಎತ್ತಿಕೊಂಡೇ ಹೋಗಬೇಕು, ನಮ್ಮ ಸೊಂಟ ಬಿದ್ದುಹೋಗುತ್ತೆ. ಡಬ್ಬದೊಳಗೆ ಏಳು ಪುಟದ ಒಂದು ಯೋಜನೆ, ಕಲಿಕಾ ಯೋಜನೆ ಅಂತ ಶಾಲೆ ಆರು ತಿಂಗಳ ಹಿಂದೆ ಮಾಡಿದ್ದು, ಮೂರನೇ ಪುಟದಲ್ಲಿ ಬರೆದಿತ್ತು, ಮುಂದಿನ ಅವಧಿಯಿಂದ ಮಗುವನ್ನು ವಿಶೇಷ ಕೊಠಡಿಗೆ ಕಳಿಸತಕ್ಕದ್ದು, ಕಾರಣ, ಮಗು ಸೂಚನೆಗಳನ್ನು ಅನುಸರಿಸುವುದಿಲ್ಲ. ಆ ಕೊಠಡಿ ಎಲ್ಲಿದೆ ಗೊತ್ತಾ ತಾಯಿ, ಅಪ್ಪ ಹೇಳಿದ, ವರಾಂಡದ ಕೊನೇಲಿ, ಸ್ಟೋರ್ ರೂಮಿನ ಪಕ್ಕ, ಅಲ್ಲಿಗೆ ಹೋದ ಮಕ್ಕಳು ವಾಪಸ್ ಬಂದಿದ್ದನ್ನ ನಾನಂತೂ ನೋಡಿಲ್ಲ.

ಆಮೇಲೆ ಅವರ ಮನೆಗೆ ಹೋದದ್ದು, ಮಗುವಿನ ದಿನಚರಿ ನೋಡಿಬರಲು, ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಪಕ್ಕ ಹಳೇ ಲಿಫ್ಟಿನ ಗುಂಡಿಗಳ ಹಲಗೆ ಗೋಡೆಗೆ ಹೊಡೆದಿದೆ, ಒತ್ತಿದರೆ ಒಂದೊಂದು ಅಂಕಿಯೂ ಕೆಂಪಗೆ ಹೊತ್ತಿಕೊಳ್ಳುತ್ತದೆ, ಬುಗುರಿ ಅಂಕಿ ಕಲಿತದ್ದು ಅದರಲ್ಲೇ, ಅವಳಿಗೆ ಸೊನ್ನೆ ಅಂದರೆ ನೆಲಮಹಡಿ. ಅಲ್ಲೇ ಸಿಕ್ಕಿತು ವಾದಕ್ಕೆ ಬೇಕಾದ ಎಳೆ, ತಾರೀಕು ಹೊಂದಿಸಿ ನೋಡುವಾಗ, ಶಾಲೆಯವರು ಮಗುವನ್ನು ಪರೀಕ್ಷೆ ಮಾಡಿದ ದಿನ ಕಿವಿಯ ಮಷೀನುಗಳೆರಡೂ ರಿಪೇರಿಗೆ ಹೋಗಿದ್ದವು, ಅಂಗಡಿಯ ಚೀಟಿ ಡಬ್ಬದಲ್ಲೇ ಇತ್ತು, ಪರೀಕ್ಷೆಗೆ ಒಪ್ಪಿಗೆ ಕೊಟ್ಟ ಪಾಲಕರ ಸಹಿ ಎಲ್ಲೂ ಇರಲಿಲ್ಲ. ಅಪ್ಪ ಹಣೆ ಚಚ್ಚಿಕೊಂಡ, ಕರೆಂಟೇ ಇಲ್ಲದ ಲಿಫ್ಟಿಗೆ ಗುಂಡಿ ಒತ್ತಿ ಇದು ಮೇಲೆ ಹೋಗಲ್ಲ ಅಂತ ಬರೆದ ಹಾಗಾಯ್ತಲ್ಲ. ಅವಳ ಬೆನ್ನಹುರಿಯಲ್ಲಿ ಏನೋ ಜುಮ್ಮೆಂದಿತು, ಸಂತೋಷ, ಒಪ್ಪಿಕೊಳ್ಳಬೇಕು, ಮಗುವಿಗೆ ಅನ್ಯಾಯವಾಗಿದೆ ಎಂದಲ್ಲ, ಗಂಟು ಸಿಕ್ಕಿತು ಎಂದು, ಕ್ರಾಸ್‌ವರ್ಡಿನಲ್ಲಿ ಉದ್ದದ ಪದ ಕೂತಾಗ ಆಗುವಂಥದ್ದು. ಅಷ್ಟರಲ್ಲಿ ಅಮ್ಮ ಒಳಗಿಂದ ಬಂದಳು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಕೈಯ ಚರ್ಮ ನೀರಿಗೆ ಬೆಳ್ಳಗೆ ಸುಕ್ಕಾಗಿತ್ತು, ಇಡೀ ಹೊತ್ತು ಮಾತಾಡದೆ ಇದ್ದವಳು ಒಂದೇ ಒಂದು ಮಾತು ಆಡಿದಳು, ಜೊತೆಯಕ್ಕ ಇದ್ದಾಳಲ್ಲ, ಅದೊಂದು ಮಾತ್ರ ಹಂಗೇ ಇರಲಿ ಅಮ್ಮ, ಬೇರೆ ನೀವು ಏನು ಮಾಡಿದ್ರೂ ಸರಿ. ಜೊತೆಯಕ್ಕ ಅಂದರೆ ಬೆಳಿಗ್ಗೆ ಎರಡು ಗಂಟೆ ಹೊತ್ತು ಬುಗುರಿಯ ಪಕ್ಕದ ಕುರ್ಚಿಯಲ್ಲಿ ಕೂರುವ ಸಹಾಯಕಿ, ಟೀಚರ್ ಹೇಳಿದ್ದನ್ನು ಮುಖಕ್ಕೆ ಮುಖ ಕೊಟ್ಟು ತುಟಿ ಕಾಣುವ ಹಾಗೆ ಮತ್ತೆ ಹೇಳುವವಳು, ಯೋಜನೆಯ ಐದನೇ ಪುಟದ ಆದೇಶದಿಂದ ಬಂದವಳು. ಅಮ್ಮನ ಮಾತಿಗೆ ಇವಳು ಸರಿ ಅಂದಳು. ತಲೆ ಆಡಿಸಿದಳು ಕೂಡ. ಪೆನ್ನು ಕೈಯಲ್ಲೇ ಇತ್ತು, ಬರೆದುಕೊಳ್ಳಲಿಲ್ಲ, ಅದು ವಾದಕ್ಕೆ ಬೇಕಾದ ವಿಷಯ ಅಲ್ಲ ಅನ್ನಿಸಿತ್ತು, ಅಮ್ಮಂದಿರು ಇಂಥದ್ದೆಲ್ಲ ಹೇಳುತ್ತಾರೆ ಅನ್ನಿಸಿತ್ತು — ಈಗ ಆ ಟಿಪ್ಪಣಿ ಪುಸ್ತಕ ತೆರೆದರೆ ಆ ದಿನದ ಪುಟದಲ್ಲಿ ಎಲ್ಲ ಇದೆ, ತಾರೀಕು, ಚೀಟಿಯ ನಂಬರು, ಕೋಣೆಯ ಅಳತೆ, ಗುಂಡಿಗಳ ಹಲಗೆ ಕೂಡ, ಅಮ್ಮನ ಮಾತು ಇಲ್ಲ.

ಮೂರು ದಿನ ಕೂತು ಆಕ್ಷೇಪಣೆ ಬರೆದಳು, ಎರಡೂವರೆ ಪುಟ, ಚೊಕ್ಕ ಬರಹ, ಉಪಕಲಂ ಓದಿ ಸೀಟಿ ಹೊಡೆದ, ಕೊನೆಯ ಸಾಲು ಅವಳಿಗೇ ಬಹಳ ಹಿಡಿಸಿತ್ತು, ಆದ್ದರಿಂದ ಸದರಿ ಯೋಜನೆಯು ಸಂಪೂರ್ಣ ಅಸಿಂಧು, ಅಂತ, ಸಂಪೂರ್ಣ ಅನ್ನುವುದರ ಕೆಳಗೆ ಎರಡು ಗೆರೆ. ಮೇಷ್ಟ್ರು, ಕೇಂದ್ರ ನೋಡಿಕೊಳ್ಳುವವರು, ಆ ವಾರ ಊರಲ್ಲಿರಲಿಲ್ಲ, ಫೋನಿನಲ್ಲಿ ಕೇಳಿದ್ದರು, ಮನೆಯವರಿಗೆ ಏನು ಬೇಕು ಅಂತ ಕೇಳಿದೀಯಾ, ಕೇಳಿದೀನಿ ಸರ್, ಅಂದಿದ್ದಳು, ಸುಳ್ಳಲ್ಲ. ಮೊದಲ ಸಭೆ, ಇದೇ ಬಾಗಿಲು, ಇದೇ ಕುರ್ಚಿ, ಒಳಗೆ ಉದ್ದ ಮೇಜು, ಒಂದು ತುದಿಗೆ ಇಲಾಖೆಯ ಅಧಿಕಾರಿ, ನೆಗಡಿ, ಪ್ರತಿ ಪುಟಕ್ಕೂ ಕರ್ಚೀಫು ತೆಗೆಯುತ್ತಿದ್ದರು, ಇನ್ನೊಂದು ತುದಿಗೆ ಹೆಡ್‌ಮಿಸ್ಸು, ಹತ್ತಿಯ ಸೀರೆ, ದಪ್ಪ ಕನ್ನಡಕ, ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು, ಅವಳು ಓದಿದಳು, ಚೀಟಿ ತೋರಿಸಿದಳು, ಸಹಿ ಇಲ್ಲದ ಜಾಗ ತೋರಿಸಿದಳು, ಅಧಿಕಾರಿ ಮೂಗು ಒರೆಸಿಕೊಂಡು, ಇದು ತಪ್ಪೇ, ಅಂದರು. ಹೆಡ್‌ಮಿಸ್ಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಅವಳ ಕಡೆ ನೋಡಿ ಕೇಳಿದರು, ಪೂರ್ತಿ ಯೋಜನೆ ಬೇಡ ಅಂತೀಯೇನಮ್ಮ? ಪೂರ್ತಿ, ಅಂದಳು. ಯೋಚನೆ ಮಾಡಿ ಹೇಳು, ಏಳೂ ಪುಟ? ಆ ಕ್ಷಣದಲ್ಲಿ ತಲೆಯಲ್ಲಿ ಓಡಿದ್ದು ಇದು, ಹೆದರಿಸಲು ನೋಡುತ್ತಿದ್ದಾರೆ, ಬಗ್ಗಬಾರದು, ಏಳೂ ಪುಟ ಮೇಡಂ, ಸಂಪೂರ್ಣ ಅಂತ ಬರೆದಿದ್ದೀನಿ. ಅಧಿಕಾರಿ ಬರೆದುಕೊಂಡರು, ಯೋಜನೆ ರದ್ದು, ಮಗು ಈಗಿರುವ ತರಗತಿಯಲ್ಲೇ ಇರತಕ್ಕದ್ದು, ಅರವತ್ತು ದಿನದೊಳಗೆ ಹೊಸದಾಗಿ ಪರೀಕ್ಷೆ. ಅಪ್ಪ ಮೇಜಿನ ಕೆಳಗೆ ಅವಳ ಮೊಣಕೈ ಮುಟ್ಟಿ ಗೆದ್ವಾ ಅಂದ, ಪಿಸುಮಾತು ಅಂದುಕೊಂಡ, ಎಲ್ಲರಿಗೂ ಕೇಳಿಸಿತು. ಹೆಡ್‌ಮಿಸ್ಸು ಮೆಲ್ಲಗೆ ಹೇಳಿದರು, ಹಾಗಾದ್ರೆ ಐದನೇ ಪುಟವೂ ಹೋಯ್ತು, ನಾಳೆಯಿಂದ ಸಹಾಯಕಿನ ಆ ಮಗು ಪಕ್ಕ ಕೂರಿಸೋಕೆ ನನ್ನ ಹತ್ರ ಆದೇಶ ಇಲ್ಲ, ಆಕೆನ ಬೇರೆ ಶಾಲೆಗೆ ಕಳಿಸ್ತಾರೆ. ಅವಳು, ಅಲ್ಲ, ನಾವು ಕೇಳಿದ್ದು ಮೂರನೇ ಪುಟದ ಬಗ್ಗೆ, ಅಂದಳು, ಅಧಿಕಾರಿ ಆಕ್ಷೇಪಣೆಯನ್ನು ಅವಳ ಕಡೆ ತಿರುಗಿಸಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು ಅಷ್ಟೇ, ಎರಡು ಗೆರೆ. ಹೊರಗೆ ಬಂದ ಮೇಲೆ ಅಪ್ಪ ಕೇಳಿದ, ಅಂದ್ರೆ ನಾಳೆ ಬುಗುರಿ ಪಕ್ಕ ಯಾರು ಕೂತ್ಕೋತಾರೆ ತಾಯಿ? ಯಾರೂ ಇಲ್ಲ, ಅಂದಳು. ಎಷ್ಟು ದಿನ? ಅರವತ್ತು ಇರಬಹುದು. ಅವನು ಬೈಯಲಿಲ್ಲ. ಬೇರಿಂಗಿನ ಡಬ್ಬದ ಮುಚ್ಚಳ ಹಾಕಿದ, ಅದು ಸರಿಯಾಗಿ ಕೂರಲಿಲ್ಲ, ತೆಗೆದು ಮತ್ತೆ ಹಾಕಿದ, ಇವರಮ್ಮಂಗೆ ನಾನೇ ಹೇಳ್ತೀನಿ, ನೀವು ಹೇಳೋದು ಬೇಡ, ಅಂದ.

ಉಪಕಲಂನದು ಒಂದೇ ವಾದ, ನಮ್ಮ ತಪ್ಪು ಅಂತ ಬರೆದುಕೊಟ್ಟರೆ ಕೇಂದ್ರದ ಮಾನ ಹೋಗುತ್ತೆ, ಸುಮ್ಮನೆ ತಾತ್ಕಾಲಿಕ ಸಹಾಯ ಕೊಡಿ ಅಂತ ಅರ್ಜಿ ಹಾಕು, ಕಾರಣ ಯಾಕೆ ಬಿಡಿಸಬೇಕು, ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಮೇಷ್ಟ್ರು ಬಂದರು, ಪ್ರಯಾಣದ ಚೀಲ ಇನ್ನೂ ಹೆಗಲಲ್ಲಿ, ಎರಡೂವರೆ ಪುಟ ನಿಂತೇ ಓದಿದರು, ಚೆನ್ನಾಗಿ ಬರೆದಿದ್ದೀಯ, ಅಂದರು, ಅದು ಕಪಾಳಕ್ಕೆ ಬಿದ್ದ ಹಾಗಾಯಿತು, ಆಮೇಲೆ, ಈಗ ನಿನ್ನ ತಪ್ಪು ಅಂತ ಬರಿ, ಸಣ್ಣ ಅಕ್ಷರದಲ್ಲಿ ಬರೀಬೇಡ. ಸಹಾಯಕಿಯನ್ನು ಮತ್ತೆ ಕೊಡಿ ಅನ್ನುವ ಅರ್ಜಿಯಲ್ಲಿ ಬರೆದಳು, ಆಕ್ಷೇಪಣೆ ಸಿದ್ಧಪಡಿಸುವಾಗ ಮಗುವಿನ ತಾಯಿ ಸಹಾಯಕಿಯನ್ನು ಉಳಿಸಿಕೊಳ್ಳಬೇಕೆಂದು ಸ್ಪಷ್ಟವಾಗಿ ಕೇಳಿದ್ದರು, ಅದನ್ನು ನಾನು ದಾಖಲಿಸಲಿಲ್ಲ, ಈ ಲೋಪ ಕುಟುಂಬದ್ದಲ್ಲ, ನನ್ನದು — ನನ್ನದು ಅನ್ನುವಲ್ಲಿ ಪೆನ್ನು ನಿಂತಿತ್ತು, ಮಸಿ ಸ್ವಲ್ಪ ಹರಡಿತು, ತಿದ್ದಿ ಬರೆಯಲಿಲ್ಲ. ಇಲಾಖೆಗೆ ಕೊಟ್ಟಳು, ಒಂದು ಪ್ರತಿ ಶಾಲೆಗೆ ಕೊಡಬೇಕಿತ್ತು, ಒಂಬತ್ತನೇ ದಿನ ಅದು, ಬಿಸಿಲು ವರಾಂಡದ ಅರ್ಧಕ್ಕೆ ಬಂದಿತ್ತು, ಗುಮಾಸ್ತೆ ಮುದ್ರೆ ಹುಡುಕುತ್ತಿದ್ದಳು, ಇವಳು ಸುಮ್ಮನೆ ನಡೆದು ಹೋದಳು, ಬುಗುರಿಯ ತರಗತಿ, ಬಾಗಿಲಲ್ಲಿ ಒಂದಡಿ ಅಗಲದ ಗಾಜು, ಬಗ್ಗಿ ನೋಡಿದಳು. ಎಲ್ಲರೂ ಏನೋ ಬರೆಯುತ್ತಿದ್ದಾರೆ, ಬುಗುರಿಯೂ ಬರೆಯುತ್ತಿದ್ದಾಳೆ, ಪಕ್ಕದ ಕುರ್ಚಿ ಖಾಲಿ, ಯಾರೂ ಎತ್ತಿಟ್ಟಿಲ್ಲ, ಬರೆದು ಮುಗಿಸಿದಳು, ನೋಟ್‌ಬುಕ್ಕನ್ನು ಎರಡು ಕೈಯಲ್ಲೂ ಹಿಡಿದು ಬಲಕ್ಕೆ ತಿರುಗಿಸಿದಳು, ಖಾಲಿ ಕುರ್ಚಿಯ ಕಡೆಗೆ, ಅಲ್ಲಿ ಕೂತವರು ಓದಲು ಅನುಕೂಲವಾಗುವ ಹಾಗೆ, ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ ತಿರುಗಿಸಿದಳು, ಪೆನ್ಸಿಲು ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡು ಕಾದಳು. ಕಾದಳು. ಟೀಚರ್ ಬೋರ್ಡಿನ ಮೇಲೆ ಬೇರೇನೋ ಬರೆಯತೊಡಗಿದರು, ಮಕ್ಕಳು ಪುಟ ಮಗುಚಿದರು, ಅವಳು ಇನ್ನೂ ಕಾಯುತ್ತಿದ್ದಳು. ಮುದ್ರೆ ಸಿಕ್ತು ಬನ್ನಿ, ಅಂದಳು ಗುಮಾಸ್ತೆ.

ಅದಾದ ಮೇಲೆ ಎಲ್ಲೆಂದರಲ್ಲಿ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾದರೆ, ಕ್ಯಾಂಟೀನಿನಲ್ಲಿ ಉಪಕಲಂ ತನ್ನ ತಟ್ಟೆ ತಿರುಗಿಸಿಕೊಂಡರೆ, ಕಿರುಪರೀಕ್ಷೆಯಲ್ಲಿ ಉತ್ತರ ಬರೆದು ಮುಗಿಸಿದಾಗ, ಕಣ್ಣ ಮುಂದೆ ಆ ನೋಟ್‌ಬುಕ್ಕು ಬಲಕ್ಕೆ ತಿರುಗುತ್ತದೆ, ಪೆನ್ಸಿಲು ನೆಟ್ಟಗೆ, ಅಷ್ಟೇ, ಅಳು ಬರುವುದಿಲ್ಲ, ಅಳುವಂಥದ್ದೂ ಅಲ್ಲ, ಮಗು ಅಳುತ್ತಿರಲಿಲ್ಲವಲ್ಲ, ನಿಯಮ ಪ್ರಕಾರ ನಡೆದುಕೊಳ್ಳುತ್ತಿತ್ತು, ಬರೆದಾದ ಮೇಲೆ ತೋರಿಸಬೇಕು, ತೋರಿಸುತ್ತಿತ್ತು, ನಿಯಮ ಬದಲಾಗಿದೆ ಅಂತ ಅದಕ್ಕೆ ಯಾರೂ ತುಟಿ ಕಾಣುವ ಹಾಗೆ ಹೇಳಿರಲಿಲ್ಲ. ಹೆಡ್‌ಮಿಸ್ಸಿನ ಬಾಗಿಲು ತೆರೆಯಿತು, ಹಿಂದಿನ ಸಭೆಯ ದಂಪತಿ ಹೊರಗೆ ಬಂದರು, ಹೆಂಗಸು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು, ಬನ್ನಿ, ಅಂದಿತು ಒಳಗಿನ ದನಿ. ಅಪ್ಪ ಎದ್ದ, ಕುರ್ಚಿ ಅವನ ಜೊತೆಗೇ ಎದ್ದಿತು, ಕೈಯಿಂದ ಬಿಡಿಸಿಕೊಂಡ. ಅದೇ ಮೇಜು, ಅಧಿಕಾರಿಯ ನೆಗಡಿ ವಾಸಿಯಾಗಿದೆ, ಅವಳ ಅರ್ಜಿಯನ್ನು ಗಟ್ಟಿಯಾಗಿ ಓದಿದರು, ಈ ಲೋಪ ಕುಟುಂಬದ್ದಲ್ಲ, ನನ್ನದು, ಬೇರೆಯವರ ಬಾಯಲ್ಲಿ ಅದು ಇನ್ಯಾರದೋ ವಿಷಯ ಅನ್ನಿಸಿತು, ಕಿವಿ ಮಾತ್ರ ಬಿಸಿಯಾಯಿತು. ಹೆಡ್‌ಮಿಸ್ಸು ಹೊಸ ಪರೀಕ್ಷೆಯ ವರದಿ ಮುಂದೆ ತಳ್ಳಿದರು, ಅರವತ್ತು ದಿನ ಕಾಯಲಿಲ್ಲ ನಾನು, ಹೋದ ವಾರವೇ ಮಾಡಿಸಿದೆ, ಎರಡು ಕಿವೀಲೂ ಮಷೀನು ಇತ್ತು, ನಾನೇ ನೋಡಿದೆ, ಅಂದರು, ಹದಿನೆಂಟು ಸೂಚನೆಯಲ್ಲಿ ಹದಿನಾರನ್ನ ಮಾಡಿದ್ದಾಳೆ, ಉಳಿದ ಎರಡು ನನಗೇ ಅರ್ಥ ಆಗಲಿಲ್ಲ. ಅಪ್ಪ ನಕ್ಕ, ನಗು ಮುಗಿಯುವ ಮೊದಲೇ ಕೆಮ್ಮಿದ. ಅಧಿಕಾರಿ ಬರೆದರು, ವಿಶೇಷ ಕೊಠಡಿ ಬೇಕಿಲ್ಲ, ಮಗು ಸಾಮಾನ್ಯ ತರಗತಿಯಲ್ಲೇ, ಸಹಾಯಕಿ ಇವತ್ತಿನಿಂದಲೇ, ಎರಡು ಗಂಟೆಯಲ್ಲ, ಬೆಳಗಿನ ಹೊತ್ತು ಪೂರ್ತಿ. ಪೂರ್ತಿ, ಹೆಡ್‌ಮಿಸ್ಸು ಅವಳ ಕಡೆ ನೋಡಿ ಮತ್ತೊಮ್ಮೆ ಹೇಳಿದರು, ಚುಚ್ಚಿದ್ದೋ ಸಮಾಧಾನವೋ ತಿಳಿಯಲಿಲ್ಲ, ಎರಡೂ ಇರಬಹುದು. ಹೊಸ ಯೋಜನೆಗೂ ಏಳೇ ಪುಟ, ಸಹಿಯ ಜಾಗದಲ್ಲಿ ಅಪ್ಪ ತನ್ನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಬರೆದ, ಗ್ರೀಸಿನ ಹೆಬ್ಬೆರಳ ಗುರುತೂ ಬಿತ್ತು, ಸಾಕ್ಷಿ ಅಂದಲ್ಲಿ ಅವಳು ಸಹಿ ಹಾಕುವ ಮೊದಲು ಏಳೂ ಪುಟ ಓದಿದಳು, ಗಟ್ಟಿಯಾಗಿ, ಒಂದೊಂದು ಪುಟಕ್ಕೂ ಅವನ ಕಡೆ ತಿರುಗಿ ಇದು ಬೇಕಾ ಅಂತ ಕೇಳಿದಳು, ಅಧಿಕಾರಿ ಗಡಿಯಾರ ನೋಡಿದರು, ಕೇಳಿದಳು.

ಈಗ ವರಾಂಡ, ಅಪ್ಪ ಮುಂದೆ, ಅಮ್ಮನಿಗೆ ಫೋನು ಮಾಡುತ್ತಿದ್ದಾನೆ, ಹೂಂ ಕಣೇ, ಬಂದಿದ್ದಾಳೆ, ಜೊತೆಯಕ್ಕನೇ, ಬೇರೆಯವಳಲ್ಲ, ಇವತ್ತೇ, ಹೆಡ್‌ಮಿಸ್ಸು ಬೆಳಿಗ್ಗೇನೇ ಕರೆಸಿಟ್ಟಿದ್ರಂತೆ, ಆ ಕಡೆಯಿಂದ ಬಟ್ಟೆ ಒಗೆಯುವ ಮಷೀನಿನ ಗುಡುಗು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ, ಅವನು ಫೋನು ಇಳಿಸಿ, ಏನೂ ಹೇಳಲಿಲ್ಲ, ಇಟ್ಟುಬಿಟ್ಟಳು, ಅಳ್ತಿರಬೇಕು, ಅಂದ. ನಿಮಗೆ ಥ್ಯಾಂಕ್ಸ್ ಹೇಳೋಕೆ ಹೇಳಿದ್ಲು, ಅಂತಲೂ ಸೇರಿಸಿದ, ಅದು ಅವನೇ ಕಟ್ಟಿದ್ದು ಅಂತ ಅವಳಿಗೆ ಗೊತ್ತಾಯಿತು, ಗೊತ್ತಾದದ್ದನ್ನು ತೋರಿಸಲಿಲ್ಲ. ಬುಗುರಿಯ ತರಗತಿಯ ಬಾಗಿಲು, ಒಂದಡಿ ಗಾಜು, ಇಬ್ಬರೂ ಬಗ್ಗಿದರು. ಜೊತೆಯಕ್ಕ ಕೂತಾಗಿದೆ, ನಡುವಯಸ್ಸಿನ ಹೆಂಗಸು, ಕೂದಲು ಬಿಗಿಯಾಗಿ ಕಟ್ಟಿದ್ದಾಳೆ, ಕುರ್ಚಿಯನ್ನು ಸ್ವಲ್ಪ ಎಳೆದುಕೊಂಡಿದ್ದಾಳೆ, ಮುಖ ಪೂರಾ ಕಾಣುವ ಹಾಗೆ, ನೋಡಿ ತಾಯಿ, ನೋಡಿ, ಎಲ್ಲ ಮೊದಲಿನ ಹಂಗೇ ಆಯ್ತು, ಅಂದ ಅಪ್ಪ, ಅವನಿಗೆ ಕೆಲಸಕ್ಕೆ ಹೊತ್ತಾಗಿತ್ತು, ಕೈ ಮುಗಿದ, ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋದ. ಅವಳು ನಿಂತಳು. ಇನ್ನೊಂದು ನಿಮಿಷ, ಇದೊಂದು ನೋಡಿಬಿಟ್ಟರೆ ಮುಗಿಯಿತು, ತಿರುಗಿಸುತ್ತಾಳೆ, ಜೊತೆಯಕ್ಕ ಓದುತ್ತಾಳೆ, ಸರಿ ಗುರುತು ಹಾಕುತ್ತಾಳೆ, ಮುಗಿಯಿತು. ಮಕ್ಕಳು ಬರೆಯುತ್ತಿದ್ದಾರೆ, ಬುಗುರಿ ಬರೆಯುತ್ತಿದ್ದಾಳೆ, ಬರೆದು ಮುಗಿಸಿದಳು, ಪೆನ್ಸಿಲು ಕೆಳಗಿಟ್ಟಳು. ಜೊತೆಯಕ್ಕ ಕೈ ಮುಂದೆ ತಂದು ಮೇಜಿನ ಮೇಲೆ ಅಂಗೈ ಬಿಡಿಸಿ ಇಟ್ಟಳು, ನೋಟ್‌ಬುಕ್ಕಿನ ಪಕ್ಕದಲ್ಲೇ, ಅವಸರವಿಲ್ಲ ಅನ್ನುವ ಹಾಗೆ. ಬುಗುರಿ ಆ ಕೈಯನ್ನು ನೋಡಿದಳು. ನೋಟ್‌ಬುಕ್ಕನ್ನು ತನ್ನ ಕಡೆಗೆ ಎಳೆದುಕೊಂಡು ಎಡಗೈಯನ್ನು ಅದರ ಸುತ್ತ ಅಡ್ಡ ಇಟ್ಟಳು, ಹದಿಮೂರು ದಿನದ ಹಿಂದೆ ತಿರುಗಿಸುತ್ತಿದ್ದವಳು, ಯಾವತ್ತು ನಿಲ್ಲಿಸಿದಳು, ಹತ್ತನೇ ದಿನವೋ, ಹದಿನೈದನೆಯದೋ, ಯಾರ ಟಿಪ್ಪಣಿಯಲ್ಲಿದೆ ಅದು, ಯಾವ ಅರ್ಜಿ — ಜೊತೆಯಕ್ಕನ ಕೈ ಹಿಂದೆ ಹೋಗಲಿಲ್ಲ, ಅಲ್ಲೇ ಇತ್ತು, ಬರ್ತಾಳೆ ಬಿಡಿ, ನಿಧಾನ ಆಗುತ್ತೆ, ಅನ್ನುವವಳಂತೆ ಗಾಜಿನ ಕಡೆ ಒಮ್ಮೆ ನೋಡಿದಳು, ಉಪಕಲಂ ಕೆಳಗಿನಿಂದ ಫೋನು ಮಾಡುತ್ತಿದ್ದಾನೆ, ಏನಾಯ್ತು ಅಂತ ಕೇಳುತ್ತಾನೆ, ಸಿಕ್ಕಿತು ಅನ್ನಬೇಕು, ಪೂರ್ತಿ ಸಿಕ್ಕಿತು ಅನ್ನಬೇಕು, ಫೋನು ನಡುಗುತ್ತದೆ, ನಿಲ್ಲುತ್ತದೆ, ಮತ್ತೆ ನಡುಗುತ್ತದೆ, ಬಿಡಿಸಿಟ್ಟ ಅಂಗೈ, ಮುಚ್ಚಿಕೊಂಡ ಪುಟ, ಅಂಗೈ, ಪುಟ, ನಡುವೆ ನಾಲ್ಕು ಬೆರಳಿನಷ್ಟು ಮೇಜು, ಖಾಲಿ ಮೇಜು